ಜಿಗಣಿಯ ಬೆಳಕಿಗೆ ಯಾವ ಲೆನ್ಸ್?

ಭಾನುವಾರ ಬೆಳಗಿನ ಆರೂವರೆಗೆ ಜಿಗಣಿ ಬೇರೆಯೇ ಊರು. ವಾರವೆಲ್ಲ ಗ್ರಾನೈಟ್ ಕೊಯ್ಯುವ ಗರಗಸಗಳ ಸದ್ದು, ಕಂಟೇನರ್ ಲಾರಿಗಳ ಸಾಲು, ಪಾಳಿ ಬದಲಾಗುವ ಹೊತ್ತಿನ ಕಂಪನಿ ಬಸ್ಸುಗಳು. ಇವೆಲ್ಲದರ ಮರೆಯಲ್ಲಿ ಕಾಣದೇ ಹೋಗುವ ಕೆರೆ ಆ ಹೊತ್ತಿನಲ್ಲಿ ಕಣ್ಣಿಗೆ ಬೀಳುತ್ತದೆ. ಪಶ್ಚಿಮಕ್ಕೆ ಹತ್ತು ಕಿಲೋಮೀಟರ್ ಆಸುಪಾಸಿನಲ್ಲೇ ಬನ್ನೇರುಘಟ್ಟದ ಕಾಡು. ದಕ್ಷಿಣಕ್ಕೆ ಆನೇಕಲ್ಲು. ಹೊಸೂರು ರಸ್ತೆ ದಾಟಿದರೆ ಮದ್ದೂರಮ್ಮನ ಜಾತ್ರೆಯ ಹುಸ್ಕೂರು. ಫೋಟೊ ತೆಗೆಯುವ ಹುಚ್ಚಿರುವವರಿಗೆ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಬಗೆಯ ಬೆಳಕು, ಇಷ್ಟು ಬಗೆಯ ಜೀವನ ಸಿಗುವುದು ಅಪರೂಪ.

ಆ ಹುಚ್ಚು ಹತ್ತಿದವರಿಗೆ ಕೊರತೆಯೂ ಇಲ್ಲ. ಆಯುಧಪೂಜೆಯ ಬೋನಸ್ ಕೈಗೆ ಬಂದಾಗ, ಮನೆಗೆ ಮಗು ಬಂದಾಗ, ಮೊಬೈಲಿನಲ್ಲಿ ತೆಗೆದ ಹಕ್ಕಿ ಬರೀ ಚುಕ್ಕಿಯಾಗಿ ಕಂಡಾಗ ಒಂದು ಪ್ರಶ್ನೆ ಏಳುತ್ತದೆ: ಯಾವ ಕ್ಯಾಮೆರಾ ತಗೊಳ್ಳಲಿ? ಅಂಗಡಿಯಲ್ಲಿ ಉತ್ತರ ಸಾಮಾನ್ಯವಾಗಿ ಬಾಡಿಯಿಂದ ಶುರುವಾಗುತ್ತದೆ. ಎಷ್ಟು ಮೆಗಾಪಿಕ್ಸೆಲ್, ಸೆಕೆಂಡಿಗೆ ಎಷ್ಟು ಚಿತ್ರ, ಎಷ್ಟು ಕೆ ವಿಡಿಯೊ ಎಂಬ ಲೆಕ್ಕ. ಬಾಡಿಗೇ ದುಡ್ಡೆಲ್ಲ ಹೋಗಿ, ಡಬ್ಬಿಯಲ್ಲಿ ಬಂದ ಕಿಟ್ ಲೆನ್ಸ್ ಒಂದೇ ಕೈಯಲ್ಲಿ ಉಳಿಯುತ್ತದೆ. ಈ ಲೆಕ್ಕವನ್ನು ತಿರುಗಿಸಿ ಹಾಕುವುದು ಒಳ್ಳೆಯದು. ಏನನ್ನು ತೆಗೆಯಬೇಕು, ಅಲ್ಲಿ ಎಂಥ ಬೆಳಕಿದೆ ಎಂಬುದು ಮೊದಲು. ಅದಕ್ಕೆ ತಕ್ಕ ಲೆನ್ಸ್ ಆಮೇಲೆ. ಆ ಲೆನ್ಸನ್ನು ಹೊರುವ ಬಾಡಿ ಕೊನೆಗೆ.

ಕನ್ನಡಿ ಹೋದದ್ದರಿಂದ ಆದದ್ದೇನು?

ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ ನಿಂತಿರುತ್ತದೆ. ಒಳಬಂದ ಬೆಳಕು ಅದಕ್ಕೆ ಬಡಿದು ಮೇಲೇರಿ, ಗಾಜಿನ ಪಟ್ಟಕದಲ್ಲಿ ತಿರುಗಿ ಕಣ್ಣಿಗೆ ತಲುಪುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೆ ಹಾರಿ, ಬೆಳಕು ಹಿಂದಿನ ಸೆನ್ಸರಿಗೆ ಬೀಳುತ್ತದೆ. ಕಚಕ್ ಎಂಬ ಆ ದೊಡ್ಡ ಸದ್ದಿನಲ್ಲಿ ಕನ್ನಡಿಯದೂ ಪಾಲಿದೆ. ಈಗಿನ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಈ ಕನ್ನಡಿ ಇಲ್ಲ. ಬೆಳಕು ಸದಾ ಸೆನ್ಸರ್ ಮೇಲೇ ಬೀಳುತ್ತಿರುತ್ತದೆ. ಸೆನ್ಸರ್ ಕಂಡದ್ದನ್ನು ವ್ಯೂಫೈಂಡರ್ ಒಳಗಿನ ಪುಟ್ಟ ಪರದೆ ತೋರಿಸುತ್ತದೆ.

ಈ ಬಗೆಯ ಕ್ಯಾಮೆರಾಗಳ ದಾರಿ ತೆರೆದದ್ದು 2008ರಲ್ಲಿ ಬಂದ ಪ್ಯಾನಸಾನಿಕ್ ಲುಮಿಕ್ಸ್ ಜಿ1. 2010ರಲ್ಲಿ ಸೋನಿಯ ಎನ್‌ಇಎಕ್ಸ್ ಸರಣಿ ಬಂತು. 2013ರಲ್ಲಿ ಅದೇ ಕಂಪನಿಯ ಎ7 ಫುಲ್ ಫ್ರೇಮ್ ಸೆನ್ಸರನ್ನು ಪುಟ್ಟ ಬಾಡಿಗೆ ತುಂಬಿತು. ಡಿಎಸ್‌ಎಲ್‌ಆರ್ ಲೋಕವನ್ನು ಆಳಿದ ಕ್ಯಾನನ್ ಮತ್ತು ನಿಕಾನ್ 2018ರಲ್ಲಿ ಲೆನ್ಸ್ ಕೂರುವ ಬಳೆಯನ್ನೇ ಬದಲಿಸಿ, ಹೊಸ ಮೌಂಟುಗಳೊಂದಿಗೆ ಇಳಿದ ಮೇಲೆ ಪಂದ್ಯ ಒಂದು ಕಡೆಗೆ ವಾಲಿತು. 2021ರ ನಿಕಾನ್ ಝಡ್9ರಲ್ಲಂತೂ ಕನ್ನಡಿಯ ಜೊತೆಗೆ ಯಾಂತ್ರಿಕ ಶಟರನ್ನೂ ಕೈಬಿಡಲಾಯಿತು.

ಕನ್ನಡಿ ಹೋದ ಜಾಗದ ಅಳತೆಯನ್ನು ಮಿಲಿಮೀಟರಿನಲ್ಲೇ ಹೇಳಬಹುದು. ನಿಕಾನಿನ ಹಳೆಯ ಎಫ್ ಮೌಂಟಿನಲ್ಲಿ ಲೆನ್ಸ್ ಕೂರುವ ಬಳೆಗೂ ಸೆನ್ಸರಿಗೂ ನಡುವೆ 46.5 ಮಿ.ಮೀ. ಅಂತರವಿತ್ತು. ಹೊಸ ಝಡ್ ಮೌಂಟಿನಲ್ಲಿ ಅದು 16 ಮಿ.ಮೀ. ಕ್ಯಾನನ್‌ನಲ್ಲಿ 44 ಮಿ.ಮೀ. ಇದ್ದದ್ದು 20ಕ್ಕೆ ಇಳಿಯಿತು. ಲೆನ್ಸಿನ ಕೊನೆಯ ಗಾಜು ಸೆನ್ಸರಿನ ಹತ್ತಿರಕ್ಕೇ ಬರಲು ಸಾಧ್ಯವಾದದ್ದರಿಂದ ವೈಡ್ ಲೆನ್ಸುಗಳ ವಿನ್ಯಾಸ ಸಲೀಸಾಯಿತು. ಇನ್ನೊಂದು ಲಾಭವೂ ಆಯಿತು: ಹಳೆಯ ಲೆನ್ಸಿಗೂ ಹೊಸ ಬಾಡಿಗೂ ನಡುವೆ ಉಳಿದ ಆ ಅಂತರವನ್ನು ತುಂಬುವ ಒಂದು ಕೊಳವೆ ಇದ್ದರೆ ಹಳೆಯ ಲೆನ್ಸ್ ಹೊಸ ಬಾಡಿಯಲ್ಲಿ ಕೂರುತ್ತದೆ. ಅಡಾಪ್ಟರ್ ಎಂದರೆ ಅದೇ.

ಬಳಸುವವರಿಗೆ ಮೊದಲ ದಿನವೇ ಗೊತ್ತಾಗುವ ವ್ಯತ್ಯಾಸ ವ್ಯೂಫೈಂಡರಿನದು. ಚಿತ್ರ ಕಪ್ಪಾಗುತ್ತದೆಯೋ ಬೆಳ್ಳಗಾಗುತ್ತದೆಯೋ ಎಂಬುದು ಗುಂಡಿ ಒತ್ತುವ ಮುಂಚೆಯೇ ಕಾಣುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ. ಆದರೆ ಸೆನ್ಸರ್ ಮತ್ತು ಪರದೆ ಸದಾ ಉರಿಯುವುದರಿಂದ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ನಿಕಾನ್ ಡಿ5600 ಎಂಬ ಡಿಎಸ್‌ಎಲ್‌ಆರ್ ಒಂದು ಚಾರ್ಜಿಗೆ ಸುಮಾರು 970 ಚಿತ್ರಗಳ ಅಧಿಕೃತ ಲೆಕ್ಕ ಹೊಂದಿತ್ತು. ಅದೇ ಕಂಪನಿಯ ಝಡ್50ರ ಲೆಕ್ಕ 300ರ ಆಸುಪಾಸು. ಹಾಗಾಗಿ ಇನ್ನೊಂದು ಬ್ಯಾಟರಿಯ ದುಡ್ಡನ್ನು ಮೊದಲೇ ತೆಗೆದಿಡಬೇಕು. ಈಚಿನ ಅನೇಕ ಬಾಡಿಗಳು ಯುಎಸ್‌ಬಿ-ಸಿ ತಂತಿಯಲ್ಲಿ ಪವರ್ ಬ್ಯಾಂಕಿನಿಂದಲೂ ಚಾರ್ಜ್ ಆಗುತ್ತವೆ.

ಕಾರ್ಖಾನೆಯ ಬೆಳಕು

ಜಿಗಣಿಯ ಶೆಡ್ಡಿನೊಳಗೆ, ಅನುಮತಿ ಪಡೆದೇ, ಯಂತ್ರದ ಮುಂದೆ ನಿಂತ ಕೆಲಸಗಾರರ ಚಿತ್ರ ತೆಗೆಯುವವರಿಗೆ ಮೊದಲು ಎದುರಾಗುವುದು ವಿಚಿತ್ರವಾದ ಪಟ್ಟೆಗಳು. ಚಿತ್ರದ ಉದ್ದಕ್ಕೂ ಒಂದು ಪಟ್ಟಿ ಕಪ್ಪು, ಒಂದು ಬಿಳಿ. ಕ್ಯಾಮೆರಾ ಕೆಟ್ಟಿದೆ ಎಂದು ಸರ್ವಿಸ್ ಸೆಂಟರಿಗೆ ಓಡುವ ಮುಂಚೆ ತಲೆ ಮೇಲಿನ ದೀಪವನ್ನು ನೋಡಬೇಕು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಅದಕ್ಕೆ ತಗುಲಿದ ಟ್ಯೂಬ್ ಲೈಟು, ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಅದು ಕಾಣದು. ಮಿರರ್‌ಲೆಸ್‌ನ ಎಲೆಕ್ಟ್ರಾನಿಕ್ ಶಟರ್ ಮಾತ್ರ ಸೆನ್ಸರನ್ನು ಸಾಲು ಸಾಲಾಗಿ ಓದುತ್ತದೆ. ಒಂದು ಸಾಲು ಓದುವಾಗ ದೀಪ ಉರಿದಿರುತ್ತದೆ, ಮುಂದಿನ ಸಾಲಿಗೆ ಮಂಕಾಗಿರುತ್ತದೆ. ಪಟ್ಟೆ ಮೂಡುವುದು ಹೀಗೆ.

ಪರಿಹಾರಕ್ಕೆ ದುಡ್ಡು ಬೇಡ. ಶಟರ್ ವೇಗವನ್ನು ಸೆಕೆಂಡಿನ 1/50 ಅಥವಾ 1/100ಕ್ಕೆ ಇಟ್ಟರೆ ಪ್ರತಿ ಸಾಲಿಗೂ ಪೂರ್ಣ ಮಿನುಗುಗಳೇ ದಕ್ಕುತ್ತವೆ, ಪಟ್ಟೆ ಮಾಯ. ಇನ್ನೂ ವೇಗ ಬೇಕಾದರೆ ಯಾಂತ್ರಿಕ ಶಟರಿಗೆ ಬದಲಿಸಿ, ಮೆನುವಿನ ಆಂಟಿ-ಫ್ಲಿಕರ್ ಆಯ್ಕೆ ಹಾಕಬೇಕು. ಸುತ್ತುವ ಫ್ಯಾನು, ಓಡುವ ಚಕ್ರ ಸೊಟ್ಟಗೆ ಕಾಣುವುದಕ್ಕೂ ಇದೇ ಸಾಲು ಓದುವ ಕ್ರಮ ಕಾರಣ. ಸೋನಿಯ ಎ9-3ರಂಥ ಕ್ಯಾಮೆರಾ ಇಡೀ ಸೆನ್ಸರನ್ನು ಒಮ್ಮೆಗೇ ಓದಿ ಈ ವಕ್ರತೆಯನ್ನು ತಪ್ಪಿಸುತ್ತದೆ. ಅದರ ಬೆಲೆ ಮಾತ್ರ ಹವ್ಯಾಸಿಗಳ ಕೈಗೆ ಎಟುಕುವುದಿಲ್ಲ.

ಶೆಡ್ಡಿನ ಒಳಗೆ ಕಾಡುವ ಇನ್ನೊಂದು ಸಂಗತಿ ಬೆಳಕಿನ ಕೊರತೆ. ಕಿಟ್ ಲೆನ್ಸ್ ಸೋಲುವುದು ಇಲ್ಲೇ. ಅದನ್ನು ಪೂರ್ತಿ ಜೂಮ್ ಮಾಡಿದಾಗ ಕಿಂಡಿ ಸಾಮಾನ್ಯವಾಗಿ ಎಫ್/6.3ಕ್ಕಿಂತ ದೊಡ್ಡದಾಗಿ ತೆರೆಯುವುದಿಲ್ಲ (ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಜೂಮ್ ಇಲ್ಲದ ಪುಟ್ಟ 50 ಮಿ.ಮೀ. ಎಫ್/1.8 ಪ್ರೈಮ್ ಲೆನ್ಸ್ ಅದಕ್ಕಿಂತ ಸುಮಾರು 12 ಪಟ್ಟು ಬೆಳಕನ್ನು ಒಳಬಿಡುತ್ತದೆ. ಕಿಟ್ ಲೆನ್ಸಿಗೆ ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರಿನ ಸಂವೇದನೆ, 12,800 ಬೇಕಾಗುವ ಕತ್ತಲಲ್ಲಿ ಪ್ರೈಮ್‌ಗೆ 1,000 ಸಾಕು. ಒಂದರಲ್ಲಿ ಮುಖದ ತುಂಬ ರವೆ ಚೆಲ್ಲಿದಂತೆ ನಾಯ್ಸ್, ಇನ್ನೊಂದರಲ್ಲಿ ಹಣೆಯ ಬೆವರ ಹನಿಯೂ ಸ್ಪಷ್ಟ. ಬಾಡಿ ಅದೇ. ಬದಲಾದದ್ದು ಲೆನ್ಸ್ ಒಂದೇ. ಕ್ಯಾನನ್‌ನ ಆರ್‌ಎಫ್ 50 ಮಿ.ಮೀ. ಎಫ್/1.8ರ ತೂಕ 160 ಗ್ರಾಂ ಮಾತ್ರ. ಆಯಾ ಕಂಪನಿಗಳ ಲೆನ್ಸುಗಳಲ್ಲೇ ಅಗ್ಗವಾದವುಗಳ ಸಾಲಿಗೆ ಇಂಥವು ಸೇರುತ್ತವೆ.

ಇಲ್ಲಿ ಸೆನ್ಸರಿನ ಗಾತ್ರದ ಮಾತೂ ಬರಬೇಕು. ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ., ಅಂದರೆ ಹಳೆಯ ಫಿಲ್ಮ್ ರೋಲಿನ ಒಂದು ಚೌಕಟ್ಟಿನಷ್ಟು. ಎಪಿಎಸ್-ಸಿ ಅದಕ್ಕಿಂತ ಚಿಕ್ಕದು. ಮೈಕ್ರೋ ಫೋರ್ ಥರ್ಡ್ಸ್ ಇನ್ನೂ ಚಿಕ್ಕದು. ಚಿಕ್ಕ ಸೆನ್ಸರ್ ಲೆನ್ಸ್ ಮೂಡಿಸಿದ ಬಿಂಬದ ನಡುಭಾಗವನ್ನಷ್ಟೇ ಕತ್ತರಿಸಿಕೊಳ್ಳುತ್ತದೆ. ಹಾಗಾಗಿ ನಿಕಾನ್, ಸೋನಿ, ಫ್ಯೂಜಿಯ ಎಪಿಎಸ್-ಸಿ ಬಾಡಿಗಳಲ್ಲಿ 50 ಮಿ.ಮೀ. ಲೆನ್ಸ್ 75 ಮಿ.ಮೀ.ನಂತೆ ಕಾಣುತ್ತದೆ, ಕ್ಯಾನನ್‌ನಲ್ಲಿ 80ರಂತೆ. ಇಕ್ಕಟ್ಟಾದ ಕೋಣೆಯಲ್ಲಿ ಮಗುವಿನ ನಾಮಕರಣ ತೆಗೆಯಲು ಇದು ತೀರಾ ಹತ್ತಿರ. ಅಲ್ಲಿಗೆ 24ರಿಂದ 35 ಮಿ.ಮೀ.ವರೆಗಿನ ಪ್ರೈಮ್ ಸರಿ. ಹಕ್ಕಿ ಹಿಡಿಯುವವರಿಗೆ ಮಾತ್ರ ಇದೇ ಕತ್ತರಿ ವರವಾಗುತ್ತದೆ.

ಕೆರೆಯಂಚಿನ ಪಾಠ

ಜಿಗಣಿ, ಆನೇಕಲ್ ಸುತ್ತಲಿನ ಕೆರೆಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ಮೇಲೆ ಸುತ್ತುವ ಗರುಡ ಕಾಣಸಿಗುತ್ತವೆ. ಹಕ್ಕಿಗೆ ಬೇಕಾದದ್ದು ಉದ್ದದ ಲೆನ್ಸ್. ಕ್ಯಾನನ್‌ನ 635 ಗ್ರಾಂ ತೂಕದ ಆರ್‌ಎಫ್ 100-400 ಮಿ.ಮೀ. ಲೆನ್ಸನ್ನು ಆರ್7 ಎಂಬ ಎಪಿಎಸ್-ಸಿ ಬಾಡಿಗೆ ಹಾಕಿದರೆ 640 ಮಿ.ಮೀ.ನ ನೋಟ ಸಿಗುತ್ತದೆ. ಎಪಿಎಸ್-ಸಿ ಬಾಡಿಯಲ್ಲಿ ನಿಕಾನಿನ 180-600, ಸೋನಿಯ 200-600 ಮಿ.ಮೀ. ಜೂಮುಗಳು ಇನ್ನೂ ಹತ್ತಿರಕ್ಕೆ ಒಯ್ಯುತ್ತವೆ. ಆದರೆ ಎರಡೂ ಎರಡು ಕಿಲೋದ ಆಸುಪಾಸಿನವು. ಬೈಕಿನಲ್ಲಿ ಬ್ಯಾಗ್ ಹೊತ್ತು ಕೆರೆ ಏರಿ ಸುತ್ತುವವರು ತೂಕವನ್ನು ಬೆಲೆಯಷ್ಟೇ ಗಂಭೀರವಾಗಿ ಎಣಿಸಬೇಕು.

ಮಿರರ್‌ಲೆಸ್ ನಿಜವಾದ ಕ್ರಾಂತಿ ಮಾಡಿದ್ದು ಫೋಕಸಿನಲ್ಲಿ. ಸೆನ್ಸರ್ ಸದಾ ನೋಡುತ್ತಿರುವುದರಿಂದ ಕ್ಯಾಮೆರಾದ ಪ್ರೊಸೆಸರ್ ಹಕ್ಕಿಯ ಕಣ್ಣನ್ನು ತಾನೇ ಗುರುತಿಸಿ ಹಿಂಬಾಲಿಸುತ್ತದೆ. 2020ರ ಕ್ಯಾನನ್ ಆರ್5 ಬಂದಾಗ ಬೆರಗು ಹುಟ್ಟಿಸಿದ್ದ ಈ ಗುಣ ಈಗ ನಡುಬೆಲೆಯ ಬಾಡಿಗಳಿಗೂ ಇಳಿದಿದೆ. ಹಕ್ಕಿಯ ಹುಚ್ಚಿರುವವರು ಬಾಡಿಯಲ್ಲಿ ಮೊದಲು ಕೇಳಬೇಕಾದದ್ದು ಇದನ್ನೇ. ಅದರ ಜೊತೆಗೆ ಕೈ ಕಲಿಯಬೇಕಾದ ಮಾತುಗಳಿವೆ. ಕೊಂಬೆಯ ಮೇಲೆ ಕೂತ ಹಕ್ಕಿಗೆ 1/500 ಸೆಕೆಂಡ್ ಸಾಕಾಗಬಹುದು, ಹಾರುವ ಹಕ್ಕಿಗೆ 1/2000 ಬೇಕು. ಬಾಡಿಯೊಳಗಿನ ಸ್ಟೆಬಿಲೈಸೇಶನ್ ಕೈನಡುಕವನ್ನು ತಡೆಯುತ್ತದೆಯೇ ಹೊರತು ರೆಕ್ಕೆಯ ಬಡಿತವನ್ನು ನಿಲ್ಲಿಸಲಾರದು. ಬೆಳ್ಳಕ್ಕಿಯ ಬಿಳುಪು ಹಾಲು ಚೆಲ್ಲಿದಂತೆ ಗರಿಗಳ ಗೆರೆ ಕಳೆದುಕೊಳ್ಳದಿರಲು ಎಕ್ಸ್‌ಪೋಶರನ್ನು ಮುಕ್ಕಾಲು ಸ್ಟಾಪಿನಷ್ಟು ಇಳಿಸಬೇಕು. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಬಿಸಿಗಾಳಿ ದೂರದ ಚಿತ್ರವನ್ನು ಅಲುಗಿಸುತ್ತದೆ. ಅದಕ್ಕೆ ಯಾವ ದುಬಾರಿ ಲೆನ್ಸಿನಲ್ಲೂ ಮದ್ದಿಲ್ಲ.

ಕನ್ನಡ ನಾಡಿಗೆ ಈ ಹುಚ್ಚು ಹೊಸದಲ್ಲ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಫಿಲ್ಮ್ ಕಾಲದಲ್ಲೇ ಕಾಡಿನ ಜೀವಗಳ ಹಿಂದೆ ಅಲೆದವರು. ಒಂದು ರೋಲಿಗೆ 36 ಚಿತ್ರ. ಹೇಗೆ ಬಂತೆಂದು ತಿಳಿಯುವುದು ರೋಲು ತೊಳೆದ ಮೇಲೆ. ಹಕ್ಕಿ ಎಲ್ಲಿ ಕೂರುತ್ತದೆ, ಯಾವ ಹೊತ್ತಿಗೆ ಬರುತ್ತದೆ ಎಂದು ದಿನಗಟ್ಟಲೆ ನೋಡಿ ಮರೆಯಲ್ಲಿ ಕಾಯುವುದೇ ಆಗಿನ ಆಟೋಫೋಕಸ್. ಇಂದಿನ ಬಾಡಿ ಸೆಕೆಂಡಿಗೆ 20 ಚಿತ್ರ ಹೊಡೆದರೂ ಆ ಕಾಯುವ ಕೆಲಸ ಕ್ಯಾಮೆರಾ ಹಿಡಿದವರದ್ದೇ. ಗೂಡಿನ ಹತ್ತಿರ ಹೋಗದಿರುವುದು, ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ನುಡಿಸಿ ಕರೆಯದಿರುವುದು ಕೂಡ ಆ ಕೆಲಸದ ಭಾಗ.

ಬಲೆಯಾಚೆ ಹುಲಿ, ಬಲೆಯೊಳಗೆ ಚಿಟ್ಟೆ

ಬನ್ನೇರುಘಟ್ಟ 1974ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುಮಾರು 260 ಚದರ ಕಿಲೋಮೀಟರಿನ ಆ ಕಾಡಿನ ಅಂಚಿನ ಜೈವಿಕ ಉದ್ಯಾನದ ಸಫಾರಿ ಬಸ್ಸಿನಲ್ಲಿ ಕಿಟಕಿಗೆ ಲೋಹದ ಬಲೆ. ಕ್ಯಾಮೆರಾ ಬಲೆಗೇ ಫೋಕಸ್ ಮಾಡಿ, ಹುಲಿ ಮಸುಕಾದ ಅನುಭವ ಅನೇಕರದ್ದು. ಲೆನ್ಸಿನ ಮುಖವನ್ನು ಒಳಗಿನಿಂದಲೇ ಬಲೆಗೆ ಆದಷ್ಟು ಹತ್ತಿರ ಹಿಡಿದು, ಕಿಂಡಿಯನ್ನು ಪೂರ್ತಿ ತೆರೆದು, ಜೂಮನ್ನು ಉದ್ದಕ್ಕೆ ಎಳೆದರೆ ತಂತಿ ಕರಗಿಹೋಗುತ್ತದೆ. ಫೋಕಸ್ ಚೌಕವನ್ನು ಚಿಕ್ಕದು ಮಾಡಿ ಪ್ರಾಣಿಯ ಮುಖದ ಮೇಲಿಡಬೇಕು. ಲೆನ್ಸನ್ನಾಗಲಿ ಬೆರಳನ್ನಾಗಲಿ ಬಲೆಯಿಂದ ಹೊರಗೆ ಚಾಚಲೇಬಾರದು. ಗಾಜಿನ ಕಿಟಕಿಯಾದರೆ ಲೆನ್ಸಿನ ಹುಡ್ ಗಾಜಿಗೆ ತಾಗಿಸಿ ಹಿಡಿದರೆ ಪ್ರತಿಬಿಂಬ ನಿಲ್ಲುತ್ತದೆ. ಬಸ್ಸು ಅಲ್ಲಾಡುವುದರಿಂದ ಇಲ್ಲಿ 600 ಮಿ.ಮೀ.ಗಿಂತ 70-300 ಅಥವಾ 100-400ರಂಥ ಹಗುರ ಜೂಮ್ ಹೆಚ್ಚು ಕೆಲಸಕ್ಕೆ ಬರುತ್ತದೆ. ಪ್ರಾಣಿ ಕೆಲವೊಮ್ಮೆ ರಸ್ತೆಯ ಮೇಲೇ ಮಲಗಿರುತ್ತದೆ.

ಅದೇ ಆವರಣದಲ್ಲಿ 2006ರಲ್ಲಿ ತೆರೆದ ಚಿಟ್ಟೆ ಉದ್ಯಾನವಿದೆ, ದೇಶದಲ್ಲಿ ಮೊದಲನೆಯದು. ಇಲ್ಲಿ ಬೇಕಾದದ್ದು ಮ್ಯಾಕ್ರೊ ಲೆನ್ಸ್. ಅದರ ವಿವರದಲ್ಲಿ ಬರುವ 1:1 ಎಂದರೆ ಚಿಟ್ಟೆಯ ನಿಜ ಗಾತ್ರವೇ ಸೆನ್ಸರಿನ ಮೇಲೆ ಮೂಡುತ್ತದೆ ಎಂದರ್ಥ. 90ರಿಂದ 105 ಮಿ.ಮೀ. ಉದ್ದದ ಮ್ಯಾಕ್ರೊ ಆದರೆ ದೂರ ನಿಂತೇ ತೆಗೆಯಬಹುದು, ಚಿಟ್ಟೆ ಬೆದರುವುದಿಲ್ಲ. ಅಷ್ಟು ದುಡ್ಡಿಲ್ಲದವರು ಇರುವ ಲೆನ್ಸಿಗೇ ಎಕ್ಸ್‌ಟೆನ್ಶನ್ ಟ್ಯೂಬ್ ಎಂಬ ಟೊಳ್ಳು ಬಳೆ ಹಾಕಿ ಶುರುಮಾಡಬಹುದು. ಅದರೊಳಗೆ ಗಾಜಿಲ್ಲ, ಲೆನ್ಸನ್ನು ಸೆನ್ಸರಿನಿಂದ ದೂರ ಸರಿಸುವುದಷ್ಟೇ ಅದರ ಕೆಲಸ. ಇಷ್ಟು ಹತ್ತಿರದಲ್ಲಿ ಸ್ಪಷ್ಟವಾಗುವ ಆಳ ಕೆಲವೇ ಮಿಲಿಮೀಟರು. ರೆಕ್ಕೆ ಮಡಚಿ ಕೂತ ಚಿಟ್ಟೆಯ ಪಕ್ಕಕ್ಕೆ ಸೆನ್ಸರನ್ನು ಸಮಾನಾಂತರವಾಗಿ ಹಿಡಿದರೆ ಕಣ್ಣಿನಿಂದ ರೆಕ್ಕೆಯ ತುದಿವರೆಗೆ ಎಲ್ಲವೂ ಚೊಕ್ಕ.

ಜಾತ್ರೆ, ಮದುವೆ, ಹಳೆಯ ಲೆನ್ಸು

ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ನೂರಡಿ ಮೀರುವ ತೇರುಗಳು ಬರುತ್ತವೆ. ಎತ್ತುಗಳು, ಟ್ರ್ಯಾಕ್ಟರುಗಳು ಎಳೆಯುವ ಆ ಗೋಪುರವನ್ನೂ ಕೆಳಗಿನ ಜನರನ್ನೂ ಒಂದೇ ಚೌಕಟ್ಟಿಗೆ ತರಲು ವೈಡ್ ಲೆನ್ಸ್ ಬೇಕು. ಎಪಿಎಸ್-ಸಿಗೆ 10ರಿಂದ 18, ಫುಲ್ ಫ್ರೇಮ್‌ಗೆ 16ರಿಂದ 28 ಮಿ.ಮೀ. ಆಸುಪಾಸು. ಕ್ಯಾಮೆರಾವನ್ನು ಮೇಲಕ್ಕೆ ಎತ್ತಿ ಹಿಡಿದಷ್ಟೂ ತೇರು ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ದೂರ ಸರಿದು, ಕ್ಯಾಮೆರಾ ಮಟ್ಟಸವಾಗಿ ಹಿಡಿದರೆ ಅದು ನೆಟ್ಟಗೆ ನಿಲ್ಲುತ್ತದೆ. ತೇರು ವಾಲಿ ಬಿದ್ದ ಉದಾಹರಣೆಗಳೂ ಇರುವುದರಿಂದ ದೂರ ಸರಿಯುವುದು ಚಿತ್ರಕ್ಕೂ ಜೀವಕ್ಕೂ ಕ್ಷೇಮ.

ಜಾತ್ರೆಯ ಮುಖಗಳಿಗೆ ಉದ್ದ ಲೆನ್ಸ್ ಬೇಡ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರ ದಿನನಿತ್ಯದ ಬದುಕನ್ನೇ ತಮ್ಮ ವಸ್ತುವಾಗಿಸಿಕೊಂಡು ಪದ್ಮಶ್ರೀ ಪಡೆದವರು. ಅಂಥ ಚಿತ್ರಗಳಿಗೆ ಮಾತಾಡಿಸುವಷ್ಟು ಹತ್ತಿರ ಹೋಗಬೇಕು, ಪರಿಚಯವಾಗಬೇಕು. 35 ಮಿ.ಮೀ.ನ ಪುಟ್ಟ ಪ್ರೈಮ್, ಸದ್ದಿಲ್ಲದ ಶಟರ್ ಇರುವ ಪುಟ್ಟ ಬಾಡಿ ಎದುರಿನವರನ್ನು ಹೆದರಿಸುವುದಿಲ್ಲ.

ಮದುವೆ ಫೋಟೊ ತೆಗೆದು ಬದುಕುವ ಸ್ಟುಡಿಯೊದವರ ಲೆಕ್ಕ ಬೇರೆ. ಮಾಂಗಲ್ಯಧಾರಣೆ ಮತ್ತೊಮ್ಮೆ ನಡೆಯುವುದಿಲ್ಲ. ಹಾಗಾಗಿ ಎರಡು ಕಾರ್ಡ್ ಸ್ಲಾಟ್ ಇರುವ ಬಾಡಿಯೇ ಬೇಕು. ಒಂದು ಕಾರ್ಡ್ ಕೈಕೊಟ್ಟರೂ ಇನ್ನೊಂದರಲ್ಲಿ ಚಿತ್ರ ಉಳಿಯುತ್ತದೆ. ಸೋನಿ ಎ7-4, ಕ್ಯಾನನ್ ಆರ್6 ಮಾರ್ಕ್ 2, ನಿಕಾನ್ ಝಡ್6-3 ಈ ಸಾಲಿನವು. ಬೀರುವಿನಲ್ಲಿ ಹಳೆಯ ಡಿಎಸ್‌ಎಲ್‌ಆರ್ ಲೆನ್ಸುಗಳಿದ್ದರೆ ಅವನ್ನು ಮಾರುವ ಮುನ್ನ ಅಡಾಪ್ಟರ್ ನೋಡಬೇಕು. ಕ್ಯಾನನ್‌ನ ಇಎಫ್ ಲೆನ್ಸುಗಳು ಅಡಾಪ್ಟರಿನಲ್ಲಿ ಆಟೋಫೋಕಸ್ ಸಮೇತ ಕೆಲಸ ಮಾಡುತ್ತವೆ. ನಿಕಾನಿನಲ್ಲಿ ಒಳಗೇ ಮೋಟರ್ ಇರುವ ಎಎಫ್-ಎಸ್ ಲೆನ್ಸುಗಳು ನಡೆಯುತ್ತವೆ. ಬಾಡಿಯ ಮೋಟರನ್ನು ನಂಬಿದ್ದ ಹಳೆಯ 50 ಮಿ.ಮೀ. ಎಫ್/1.8 ಡಿಯಂಥ ಲೆನ್ಸುಗಳನ್ನು ನಿಕಾನಿನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಕೈಯಿಂದಲೇ ಫೋಕಸ್ ಮಾಡಬೇಕು. ಕ್ಯಾನನ್‌ನ ಇಎಫ್-ಎಂ ಲೆನ್ಸುಗಳು ಆರ್ ಸರಣಿಯ ಬಾಡಿಗೆ ಹೊಂದುವುದೇ ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ಇಲ್ಲಿ ಎಚ್ಚರ ತಪ್ಪಬಾರದು.

ಧೂಳು, ಮಳೆಗಾಲ, ಮೌಂಟು

ಗ್ರಾನೈಟಿನ ಊರಿನಲ್ಲಿ ಮಿರರ್‌ಲೆಸ್ ಬಳಸುವವರಿಗೆ ಧೂಳು ದೊಡ್ಡ ಶತ್ರು. ಕನ್ನಡಿಯ ಮರೆ ಇಲ್ಲದ್ದರಿಂದ ಲೆನ್ಸ್ ತೆಗೆದ ಕೂಡಲೇ ಹೆಚ್ಚಿನ ಬಾಡಿಗಳಲ್ಲಿ ಸೆನ್ಸರ್ ಬಯಲಾಗುತ್ತದೆ. ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಗೆ ಮಾಡಿ ಹಿಡಿದು, ಗಾಳಿಗೆ ಬೆನ್ನು ಕೊಟ್ಟು ಲೆನ್ಸ್ ಬದಲಿಸಬೇಕು. ಲಾರಿ ಓಡುವ ರಸ್ತೆಯ ಬದಿಯಲ್ಲಂತೂ ಬೇಡವೇ ಬೇಡ. ಧೂಳು ಕೂತಿದೆಯೇ ಎಂದು ತಿಳಿಯಲು ಎಫ್/16ಕ್ಕೆ ಇಟ್ಟು ಬಯಲ ಆಕಾಶದ ಒಂದು ಚಿತ್ರ ತೆಗೆದರೆ ಸಾಕು, ಬೂದು ಕಲೆಗಳು ಎದ್ದು ಕಾಣುತ್ತವೆ. ರಬ್ಬರ್ ಬ್ಲೋವರಿನಿಂದ ಗಾಳಿ ಊದಬಹುದು. ಬಾಯಿಂದ ಊದಬಾರದು, ಬಟ್ಟೆಯಿಂದ ಒರೆಸಲೇಬಾರದು. ಗ್ರಾನೈಟ್ ಪುಡಿಯಲ್ಲಿರುವ ಬೆಣಚುಕಲ್ಲಿನ ಕಣ ಗಾಜನ್ನೂ ಗೀರುವಷ್ಟು ಗಟ್ಟಿ.

ಮಳೆಗಾಲದ ತೇವದಲ್ಲಿ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಪಕ್ಕದಲ್ಲಿ ತೇವ ಅಳೆಯುವ ಪುಟ್ಟ ಮೀಟರ್. ಶೇ. 40ರಿಂದ 50ರೊಳಗೆ ತೇವ ಇದ್ದರೆ ಲೆನ್ಸ್ ಕ್ಷೇಮ. ಚರ್ಮದ ಪೌಚಿನಲ್ಲಿ ಬೀರುವಿನ ಮೂಲೆಗೆ ಹಾಕಿ ತಿಂಗಳುಗಟ್ಟಲೆ ಮರೆತರೆ ಬೂಷ್ಟಿಗೆ ಅನ್ನ ಇಟ್ಟಂತೆ.

ಇನ್ನು ಕೊಳ್ಳುವ ಮಾತು. ಬಾಡಿ ನಾಲ್ಕೈದು ವರ್ಷಕ್ಕೆ ಹಳೆಯದಾಗುತ್ತದೆ. ಒಳ್ಳೆಯ ಲೆನ್ಸ್ ಅದರ ಎರಡು ಪಟ್ಟು ಕಾಲ ದುಡಿಯುತ್ತದೆ. ಹಾಗಾಗಿ ಮೊದಲ ಬಾಡಿ ಕೊಂಡ ದಿನ ನಿಜಕ್ಕೂ ಆಯ್ದುಕೊಳ್ಳುವುದು ಮೌಂಟನ್ನು. ಸೋನಿಯ ಇ ಮೌಂಟಿಗೆ ಸಿಗ್ಮಾ, ಟ್ಯಾಮ್ರಾನ್‌ನಂಥ ಬೇರೆ ಕಂಪನಿಗಳ ಲೆನ್ಸುಗಳ ದೊಡ್ಡ ಸಾಲೇ ಇದೆ. ಕ್ಯಾನನ್‌ನ ಎಪಿಎಸ್-ಸಿ ಬಾಡಿಗಳಿಗೆ ಈ ಎರಡು ಕಂಪನಿಗಳ ಆಟೋಫೋಕಸ್ ಲೆನ್ಸುಗಳು ಬರತೊಡಗಿದ್ದು 2024ರಲ್ಲಿ. ಬೇಕಾದ ಲೆನ್ಸ್ ಆ ಮೌಂಟಿನಲ್ಲಿ ತಮಗೆ ಎಟುಕುವ ಬೆಲೆಗೆ ಇದೆಯೇ ಎಂದು ನೋಡಿದ ಮೇಲೆಯೇ ಬಾಡಿಯ ಮಾತು. ಇರುವ ದುಡ್ಡಿನ ಅರ್ಧವನ್ನಾದರೂ ಲೆನ್ಸಿಗೆ ಮೀಸಲಿಟ್ಟರೆ, ಎರಡು ತಲೆಮಾರು ಹಳೆಯ ಬಾಡಿಯೂ ಒಳ್ಳೆಯ ಚಿತ್ರ ಕೊಡುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊಬೈಲ್ ಟಾರ್ಚನ್ನು ಲೆನ್ಸಿನ ಹಿಂದಿನಿಂದ ಹಾಯಿಸಿ ಒಳಗೆ ಬೂಷ್ಟಿದೆಯೇ ನೋಡಬೇಕು. ಮೌಂಟಿನ ಲೋಹ ಸವೆದಿದೆಯೇ, ಶಟರ್ ಎಷ್ಟು ಸಲ ಬಡಿದಿದೆ, ಬಿಲ್ಲಿನ ಸೀರಿಯಲ್ ನಂಬರ್ ಬಾಡಿಯದ್ದಕ್ಕೆ ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸಬೇಕು. ಬಿಲ್ ಇಲ್ಲದ ಅಗ್ಗದ ಆಮದು ಮಾಲಿಗೆ ಇಲ್ಲಿನ ಸರ್ವಿಸ್ ಸೆಂಟರಿನಲ್ಲಿ ವಾರಂಟಿ ಸಿಗುವುದಿಲ್ಲ.

ಗೊಂದಲ ಉಳಿದರೆ ಬಾಡಿಗೆಯ ದಾರಿಯಿದೆ. ಬೆಂಗಳೂರಿನಲ್ಲಿ ಬಾಡಿ, ಲೆನ್ಸ್ ಎರಡೂ ದಿನದ ಲೆಕ್ಕದಲ್ಲಿ ಸಿಗುತ್ತವೆ. 18ರಿಂದ 300ರವರೆಗೆ ಹಿಗ್ಗುವ ಒಂದು ಜೂಮ್ ಹಾಕಿಸಿಕೊಂಡು ಶನಿವಾರ ಸಂಜೆಯಿಂದ ಭಾನುವಾರ ರಾತ್ರಿವರೆಗೆ ಮನೆ, ಕೆರೆ, ಸಫಾರಿ, ಸಂತೆ ಎಲ್ಲ ಸುತ್ತಿ ಮನಸೋ ಇಚ್ಛೆ ತೆಗೆಯಬಹುದು. ಪ್ರತಿ ಚಿತ್ರದೊಳಗೂ ಅದನ್ನು ಎಷ್ಟು ಮಿ.ಮೀ.ನಲ್ಲಿ, ಎಷ್ಟು ಐಎಸ್‌ಒದಲ್ಲಿ ತೆಗೆದದ್ದೆಂದು ದಾಖಲಾಗಿರುತ್ತದೆ. ಭಾನುವಾರ ರಾತ್ರಿ ಕಂಪ್ಯೂಟರಿನಲ್ಲಿ ಇಷ್ಟವಾದ ಐವತ್ತು ಚಿತ್ರ ಆರಿಸಿ, ಆ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಮೂವತ್ತು ಚಿತ್ರ 300ರಲ್ಲೇ ಇದ್ದರೆ ಹಕ್ಕಿಯ ಲೆನ್ಸ್. ಮೂವತ್ತು 35ರ ಹತ್ತಿರವಿದ್ದು ಐಎಸ್‌ಒ 6,400 ದಾಟಿದ್ದರೆ ಒಂದು ಪುಟ್ಟ ಪ್ರೈಮ್. ಸೋಮವಾರ ಬಾಡಿಗೆ ಸಾಮಾನು ಮರಳಿಸಿ ಬರುವಾಗ ಅಂಗಡಿಗೆ ಒಯ್ಯಬೇಕಾದದ್ದು ಆ ಹಾಳೆಯನ್ನು.